ಎಳೆಗುದುರೆಯೂ ಹಲ್ಲಣವೂ

ಶರಣರು ತಮ್ಮ ಅನುಭಾವವನ್ನು ನುಡಿಯುವಾಗ ಉಪಮಾನಗಳಿಗಾಗಿ ದೂರ ಹೋದವರಲ್ಲ. ನೇಕಾರನ ಮಗ್ಗ, ಅಂಬಿಗನ ಹುಟ್ಟು, ಒಕ್ಕಲಿಗನ ಹೊಲ, ಕಟ್ಟಿಗೆ ಮಾರುವವನ ಹೊರೆ ಇವೇ ಅವರಿಗೆ ಸಾಕಾದುವು. ಅಲ್ಲಮಪ್ರಭುದೇವರ ಪ್ರಸಿದ್ಧವಾದೊಂದು ವಚನಕ್ಕೆ ಕುದುರೆಯೇ ಜೀವಾಳ. ತನ್ನ ಪಾಲಿಗೆ ಬಂದ ಕುದುರೆಯ ಮೇಲೆ ಕೂಡುವ ಬಗೆ ತಿಳಿಯದೆ ಇನ್ನೊಂದಕ್ಕೆ ಆಸೆಪಡುವವನಲ್ಲಿ ಶೌರ್ಯವೂ ಇಲ್ಲ, ಸ್ಥೈರ್ಯವೂ ಇಲ್ಲ ಎಂಬುದು ಅದರ ಮೊದಲ ಭಾಗದ ತಾತ್ಪರ್ಯ. ಎರಡನೆಯ ಭಾಗದಲ್ಲಿ ಪ್ರಭುದೇವರು ಮೊದಲು ನಗು ಬರಿಸುವ, ನಕ್ಕ ಮೇಲೆ ನಾಚಿಕೆ ಬರಿಸುವ ಒಂದು ಚಿತ್ರವನ್ನು ನಿಲ್ಲಿಸುತ್ತಾರೆ: ಲೋಕಕ್ಕೆ ಲೋಕವೇ ಕುದುರೆಯ ಜೀನನ್ನು ತಾನೇ ಹೇರಿಕೊಂಡು ಅಲೆದು ದಣಿಯುತ್ತಿದೆ, ಇಂಥವರಿಗೆ ಲಿಂಗದ ಅರಿವು ಎಲ್ಲಿಂದ ಬರಬೇಕು?

ಪ್ರವಚನಗಳಲ್ಲಿ ಮೊದಲ ಭಾಗಕ್ಕೆ ದೊರೆಯುವಷ್ಟು ಮನ್ನಣೆ ಎರಡನೆಯದಕ್ಕೆ ದೊರೆಯುವುದಿಲ್ಲ. ದೊರೆತ ಕುದುರೆಯೆಂದರೆ ಈ ಜನ್ಮದಲ್ಲಿ ಪಡೆದ ತನುಮನಗಳೆಂದು ಅರ್ಥ ಹೇಳಬಹುದು. ಶ್ರೀಗುರುವು ಕರಸ್ಥಲಕ್ಕೆ ಕರುಣಿಸಿದ ಇಷ್ಟಲಿಂಗವೆಂದೂ ಹೇಳಬಹುದು. ಇಷ್ಟಲಿಂಗವು ಎದೆಯ ಮೇಲಿದ್ದೂ ಅನ್ಯದೈವದ ಬಾಗಿಲು ಕಾಯುವವರನ್ನು ಎಚ್ಚರಿಸುವುದಕ್ಕೆ ಎರಡನೆಯ ಅರ್ಥ ಚೆನ್ನಾಗಿ ಒದಗುತ್ತದೆ. ಆದರೆ ಹಲ್ಲಣದ ಮಾತು ಬಂದ ಕೂಡಲೆ ಮೊದಲನೆಯದೇ ಹೆಚ್ಚು ಒಪ್ಪುವಂತೆ ತೋರುತ್ತದೆ. ಏಕೆಂದರೆ ಲಿಂಗದ ಮೇಲೆ ಯಾರೂ ಹಲ್ಲಣ ಬಿಗಿಯುವುದಿಲ್ಲ. ತನುಮನಗಳು ಕುದುರೆಯಾದರೆ ಅವುಗಳ ಮೇಲಿಡತಕ್ಕ ಹಲ್ಲಣವು ಆಚಾರ: ನಿತ್ಯದ ಲಿಂಗಾರ್ಚನೆ, ವಿಭೂತಿ ರುದ್ರಾಕ್ಷಿ ಮಂತ್ರಗಳ ನಿಯಮ, ಕಾಯಕ, ದಾಸೋಹ. ಇಲ್ಲಿ ಒಂದು ಸಂಗತಿಯನ್ನು ಸದ್ಭಕ್ತರು ಅವಶ್ಯವಾಗಿ ಗಮನಿಸಬೇಕು. ಪ್ರಭುದೇವರು ಹಳಿದಿರುವುದು ಹಲ್ಲಣವಿಲ್ಲದವರನ್ನಲ್ಲ. ಅವರಲ್ಲಿ ಹಲ್ಲಣವಿದೆ; ಬಹುಶಃ ಒಳ್ಳೆಯ ಹಲ್ಲಣವೇ ಇದೆ. ಅದು ಇರಬೇಕಾದೆಡೆಯಲ್ಲಿ, ಎಂದರೆ ಕುದುರೆಯ ಬೆನ್ನ ಮೇಲೆ, ಇಲ್ಲ, ಅಷ್ಟೆ. ಕುದುರೆಯು ಬಯಲಿನಲ್ಲಿ ಮೇಯುತ್ತಿದೆ, ಒಡೆಯನು ಜೀನು ಹೊತ್ತು ಬೆವರುತ್ತಿದ್ದಾನೆ. ಪೂಜೆ ತಪ್ಪದ, ಪೂಜೆಯಿಂದ ಕೋಪವೊಂದಿಷ್ಟೂ ಇಳಿಯದ ಗೃಹಸ್ಥನು ತನ್ನನ್ನು ಈ ಚಿತ್ರದಲ್ಲಿ ಗುರುತಿಸಿಕೊಳ್ಳುವುದು ಕಷ್ಟವಲ್ಲ.

ಅವನೇಕೆ ಅದನ್ನು ಕುದುರೆಯ ಮೇಲೆ ಇಡಲಿಲ್ಲ? ಸೋಮಾರಿತನದಿಂದ ಎನ್ನುವಂತಿಲ್ಲ, ಹೊರುವುದೇ ಏರುವುದಕ್ಕಿಂತ ಕಷ್ಟ. ಕುದುರೆಯು ಒಪ್ಪಲಿಲ್ಲ, ಇಲ್ಲವೆ ಹಲ್ಲಣವು ಕೂಡಲಿಲ್ಲ ಎಂಬುದೇ ಸಹಜವಾದ ಉತ್ತರ. ಇದನ್ನು ತಿಳಿಯಬೇಕಾದರೆ ಎಳೆಗುದುರೆಯನ್ನು ಪಳಗಿಸುವ ಕ್ರಮವನ್ನೂ ಹಲ್ಲಣವು ಬೆನ್ನಿಗೆ ಒಪ್ಪುವ ಬಗೆಯನ್ನೂ ಸ್ವಲ್ಪ ವಿಚಾರಿಸಬೇಕಾಗುತ್ತದೆ. ಕಲ್ಯಾಣದ ಅನುಭವಮಂಟಪದ ಶರಣರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವರಿಗಿಂತ ಒಂದು ತಲೆಮಾರಿನ ಹಿಂದೆ, ೧೧೨೯ರ ಹೊತ್ತಿಗೆ, ಅದೇ ಕಲ್ಯಾಣದಲ್ಲಿ ಆಳುತ್ತಿದ್ದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ವೈಹಾಳಿಗೆಂದೇ ಒಂದು ಪ್ರಕರಣವಿದೆ. ಕುದುರೆಯ ಲಾಯವನ್ನು ನೋಡಿಕೊಳ್ಳುವ ಸಾಹಣಿಗಳು ಶಾಸನಗಳಲ್ಲಿ ಮೆರೆದವರು. ಒಳ್ಳೆಯ ಕುದುರೆಗಳು ಅರಬ್ಬೀ ದೇಶದಿಂದ ಹಡಗುಗಳಲ್ಲಿ ಬರುತ್ತಿದ್ದುವು, ಬೆಲೆ ವಿಪರೀತ. ೧೩ನೆಯ ಶತಮಾನದ ಕೊನೆಯಲ್ಲಿ ದಕ್ಷಿಣದ ಕರಾವಳಿಗೆ ಬಂದ ವೆನಿಸ್ ನಗರದ ಪ್ರವಾಸಿ ಮಾರ್ಕೋ ಪೋಲೋ ತಮಿಳುನಾಡಿನ ಅರಸರ ವಿಚಾರವಾಗಿ ಬರೆದಿಟ್ಟಿರುವ ಸಂಗತಿಯು ಈ ವಚನಕ್ಕೆ ಲೋಕವೇ ಬರೆದ ಟೀಕೆಯಂತಿದೆ. ಅವರು ವರ್ಷವರ್ಷವೂ ಸಾವಿರಾರು ಕುದುರೆಗಳನ್ನು ತರಿಸುತ್ತಾರೆ, ಸಾಕುವ ಬಗೆ ತಿಳಿಯದ್ದರಿಂದ ವರ್ಷ ತುಂಬುವುದರೊಳಗೆ ಬಹುಪಾಲು ಸಾಯುತ್ತವೆ, ಮತ್ತೆ ತರಿಸುತ್ತಾರೆ ಎಂದು ಅವನು ಹೇಳುತ್ತಾನೆ. ಇದ್ದ ಕುದುರೆಯನ್ನು ಉಳಿಸಿಕೊಳ್ಳಲಾರದವನಿಗೆ ಇನ್ನೊಂದು ಕುದುರೆ!

ಮನಸ್ಸನ್ನೂ ಇಂದ್ರಿಯಗಳನ್ನೂ ಕುದುರೆಗೆ ಹೋಲಿಸುವುದು ಹೊಸದಲ್ಲ. ಕಠೋಪನಿಷತ್ತಿನ ರಥದ ರೂಪಕವನ್ನು ಅರಿಯದವರು ವಿರಳ: ಶರೀರವು ರಥ, ಇಂದ್ರಿಯಗಳು ಕುದುರೆಗಳು, ಮನಸ್ಸು ಲಗಾಮು, ಬುದ್ಧಿಯು ಸಾರಥಿ. ಪ್ರಭುದೇವರ ರೂಪಕವು ಇದರ ನಕಲಲ್ಲ. ರಥದಲ್ಲಿ ಕುದುರೆಗೂ ಕುಳಿತವನಿಗೂ ನಡುವೆ ನೊಗವುಂಟು, ಮೂಕಿಯುಂಟು, ಅಂತರವುಂಟು. ಕುಳಿತವನ ಭಾರವು ಕುದುರೆಯ ಬೆನ್ನಿಗೆ ತಗಲುವುದೇ ಇಲ್ಲ. ಏರುಗುದುರೆಯ ವಿಚಾರ ಹಾಗಲ್ಲ. ರಾವುತನ ತೂಕವೆಲ್ಲ ಒಂದು ಜೀವಂತವಾದ ಬೆನ್ನಿನ ಮೇಲಿದೆ. ಅವನ ಉಸಿರು ಬಿಗಿಯಾದರೂ ಅದಕ್ಕೆ ತಿಳಿಯುತ್ತದೆ. ಇಬ್ಬರ ನಡುವೆ ಇರುವುದು ಹಲ್ಲಣವೊಂದೇ. ಆದಕಾರಣ ರಥದ ರೂಪಕದಲ್ಲಿ ಲಗಾಮಿಗೆ ಇರುವ ಪ್ರಾಧಾನ್ಯವು ಇಲ್ಲಿ ಹಲ್ಲಣಕ್ಕೆ ಬಂದಿದೆ. ತನುವನ್ನು ದೂರದಿಂದ ಎಳೆದು ಹಿಡಿಯುವ ಮಾರ್ಗವಲ್ಲ, ಅದರ ಮೇಲೆ ಕುಳಿತು ಅದರೊಡನೆ ನಡೆಯುವ ಮಾರ್ಗ ಶರಣರದು.

ಕನ್ನಡದಲ್ಲಿ ‘ಹದ’ ಎಂಬುದೊಂದು ಅಮೂಲ್ಯವಾದ ಪದ. ಮಳೆ ಬಿದ್ದ ಹೊಲಕ್ಕೆ ಹದ ಬರುತ್ತದೆ, ತೊಗಲನ್ನು ಹದ ಮಾಡುತ್ತಾರೆ, ಪಾಕಕ್ಕೆ ಹದವುಂಟು, ಕುದುರೆಗೂ ಹದವುಂಟು. ಹಸಿಯಾದದ್ದು ಕೆಟ್ಟದ್ದಲ್ಲ, ಹದಕ್ಕೆ ಬರಬೇಕಾದದ್ದು. ಬಲವಂತದಿಂದ ಬರುವಂತಹುದೂ ಅಲ್ಲ, ಸುಮ್ಮನೆ ಬಿಟ್ಟರೆ ಬರುವಂತಹುದೂ ಅಲ್ಲ ಎಂಬ ವಿವೇಕವೆಲ್ಲ ಆ ಎರಡಕ್ಷರದಲ್ಲಿದೆ. ಹದ ನೋಡದೆ ಬಿತ್ತಿದವನಿಗೆ ಬೀಜವೂ ನಷ್ಟ, ವರ್ಷವೂ ನಷ್ಟ.

ಎಳೆಗುದುರೆಯ ಹದಕ್ಕೆ ಮೊದಲನೆಯದಾಗಿ ವಯಸ್ಸು ಬೇಕು. ಅದರ ಹಾಲುಹಲ್ಲುಗಳಲ್ಲಿ ಮುಂದಿನವು ಸುಮಾರು ೨½, ೩½, ೪½ ವರ್ಷಗಳಲ್ಲಿ ಜೊತೆಜೊತೆಯಾಗಿ ಬಿದ್ದು ಹೊಸವು ಬರುತ್ತವೆ. ಕಡಿವಾಣವು ಬಾಯಲ್ಲಿರುವಾಗಲೇ ಈ ವೇದನೆಯೂ ನಡೆದಿರುತ್ತದೆ. ಮುಂಗಾಲಿನ ಮೊಣಕಾಲಿನ ಎಲುಬು ಬಲಿಯಲು ಎರಡೂವರೆ ವರ್ಷವಾದರೆ, ಭಾರ ಹೊರಬೇಕಾದ ಬೆನ್ನೆಲುಬಿನ ಬೆಳವಣಿಗೆ ಮುಗಿಯಲು ಐದಾರು ವರ್ಷಗಳು ಬೇಕು. ನೋಡುವುದಕ್ಕೆ ಎತ್ತರವಾಗಿ ಬೆಳೆದು ನಿಂತ ಕುದುರೆಯೂ ಒಳಗೆ ಇನ್ನೂ ಎಳೆಯದೇ. ಬಲ್ಲವರು ಮೂರು ಅಥವಾ ನಾಲ್ಕನೆಯ ವರ್ಷದಲ್ಲಿ ಹಗುರವಾಗಿ ಏರಲು ತೊಡಗಿ, ನಿಜವಾದ ದುಡಿಮೆಯನ್ನು ಮುಂದಕ್ಕೆ ಹಾಕುತ್ತಾರೆ. ಪಂದ್ಯದ ಮೈದಾನಗಳಲ್ಲಿ ಎರಡು ವರ್ಷದ ಮರಿಗಳನ್ನೇ ಓಡಿಸುವುದುಂಟು. ಅದು ಹಣದ ಲೆಕ್ಕ, ಕುದುರೆಯ ಲೆಕ್ಕವಲ್ಲ.

ಹಾಗೆಂದು ಮೂರು ವರ್ಷ ತುಂಬುವವರೆಗೆ ಅದನ್ನು ಮುಟ್ಟದೆಯೇ ಬಿಡುವುದಿಲ್ಲ. ಹುಟ್ಟಿದ ಕೆಲವು ದಿನಗಳಲ್ಲಿಯೇ ಮೈದಡವಿ, ಕಾಲೆತ್ತಿ ಗೊರಸು ನೋಡಿ, ಮೆತ್ತನೆಯ ಹಗ್ಗದ ಮೊಗವಾಡವನ್ನು ತೊಡಿಸಿ ರೂಢಿ ಮಾಡುತ್ತಾರೆ. ಭಾರವಿಲ್ಲದ ಸಂಗವು ಮೊದಲು, ಭಾರವು ಆಮೇಲೆ. ಹುಟ್ಟಿದ ಕೂಸಿಗೆ ಲಿಂಗಧಾರಣೆಯನ್ನು ಮಾಡಿಸಿ, ತಿಳಿವಳಿಕೆ ಮೂಡಿದ ಮೇಲೆ ದೀಕ್ಷೆಯನ್ನು ಕೊಡಿಸುವ ನಮ್ಮ ಸಮಾಜದ ಪದ್ಧತಿಯಲ್ಲಿಯೂ ಇದೇ ವಿವೇಕವಿದೆ. ತೊಟ್ಟಿಲಲ್ಲಿನ ಮಗುವಿನಿಂದ ಯಾರೂ ಮಂತ್ರಜಪವನ್ನು ಕೇಳುವುದಿಲ್ಲ. ಆದರೂ ಲಿಂಗದ ಸ್ಪರ್ಶವು ಅದಕ್ಕೆ ತಾಯಿಯ ಎದೆಯಷ್ಟೇ ಪರಿಚಿತವಾಗಿಬಿಡುತ್ತದೆ.

ಇನ್ನು ಹತ್ತಿರ ಹೋಗುವ ರೀತಿ. ಕುದುರೆಯ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿರುವುದರಿಂದ ಅದು ತನ್ನ ಸುತ್ತಲಿನ ಬಹುಪಾಲನ್ನು ನಿಂತಲ್ಲಿಯೇ ಕಾಣಬಲ್ಲುದು. ಕಾಣದಿರುವುದು ಮೂಗಿನ ನೇರ ಮುಂದೆ ಸ್ವಲ್ಪ, ಬಾಲದ ನೇರ ಹಿಂದೆ ಸ್ವಲ್ಪ. ಅರಿಯದವನು ಹೋಗುವುದು ಆ ಎರಡು ಕಡೆಗಳಿಂದಲೇ. ಹುಲ್ಲು ತಿಂದು ಬದುಕುವ, ಹುಲಿ ಚಿರತೆಗಳಿಗೆ ಆಹಾರವಾಗುವ ಪ್ರಾಣಿಗೆ ಓಟವೇ ಆಯುಧ. ಬೆನ್ನ ಮೇಲೆ ಏನಾದರೂ ಹಾರಿ ಕುಳಿತಿತೆಂದರೆ ಅದರ ರಕ್ತಕ್ಕೆ ಗೊತ್ತಿರುವುದು ಸಾವು ಎಂಬ ಒಂದೇ ಅರ್ಥ. ಮೊದಲ ದಿನ ಜೀನು ಕಂಡು ಕುಪ್ಪಳಿಸುವ ಕುದುರೆಯನ್ನು ‘ತುಂಟ’ ಎನ್ನುವವನು ಈ ಭಯವನ್ನು ಕಾಣದ ಕುರುಡ. ಆದ್ದರಿಂದ ಮೊದಲು ಬರಿಯ ಕೈ, ಅನಂತರ ಮಡಿಸಿದ ಬಟ್ಟೆ, ಅನಂತರ ಸಡಿಲವಾದ ಪಟ್ಟಿ, ಅನಂತರ ಹಗುರವಾದ ಹಲ್ಲಣ. ಮನುಷ್ಯನು ಎಲ್ಲಕ್ಕೂ ಕಡೆಗೆ. ಎಡಗಡೆಯಿಂದ ತೋರಿಸಿದ್ದನ್ನು ಬಲಗಡೆಯಿಂದ ಮತ್ತೆ ತೋರಿಸಬೇಕು. ಒಮ್ಮೆಗೆ ಹದಿನೈದು ಇಪ್ಪತ್ತು ನಿಮಿಷಗಳ ಪಾಠ ಸಾಕು. ಬೇಸರ ಬರುವ ಮೊದಲೇ ನಿಲ್ಲಿಸಬೇಕು.

ಗ್ರೀಸ್ ದೇಶದ ದಂಡನಾಯಕನೂ ತತ್ತ್ವಜ್ಞನೂ ಆದ ಕ್ಸೆನೊಫೋನನು ಕ್ರಿಸ್ತಪೂರ್ವ ೪ನೆಯ ಶತಮಾನದಲ್ಲಿ ಅಶ್ವಾರೋಹಣವನ್ನು ಕುರಿತು ಒಂದು ಸಣ್ಣ ಗ್ರಂಥವನ್ನು ಬರೆದಿದ್ದಾನೆ. ಎಳೆಗುದುರೆಯನ್ನು ಪಳಗಿಸುವವನಿಗೆ ಒಪ್ಪಿಸುವುದು ಮಗನನ್ನು ಒಂದು ಕಸುಬಿಗೆ ಒಪ್ಪಿಸಿದಂತೆ. ಏನೇನು ಕಲಿಸಬೇಕೆಂಬುದನ್ನು ಮೊದಲೇ ಬರೆದು ಕೊಡಬೇಕೆಂದು ಅವನ ಅಭಿಪ್ರಾಯ. ಆದರೆ ಅದಕ್ಕೂ ಮುಂಚೆ ಮನೆಯಲ್ಲಿಯೇ ಒಂದು ಕೆಲಸ ಆಗಿರಬೇಕಂತೆ: ಹಸಿವು, ಬಾಯಾರಿಕೆ, ನೊಣಗಳ ಕಾಟ ಇವು ಒಂಟಿಯಾಗಿದ್ದಾಗ ಬರುವಂಥವು, ಮೇವು ನೀರು ನೆಮ್ಮದಿಗಳು ಮನುಷ್ಯನಿಂದ ಬರುವಂಥವು ಎಂದು ಕುದುರೆಗೆ ಅನ್ನಿಸುವಂತೆ ಆಳು ನಡೆದುಕೊಳ್ಳಬೇಕು. ಕೋಪದಲ್ಲಿರುವಾಗ ಕುದುರೆಯ ಬಳಿಗೆ ಹೋಗಲೇಬಾರದು ಎಂಬ ಅವನ ಕಟ್ಟಪ್ಪಣೆಯು ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಹಳತಾಗಿಲ್ಲ.

ಪಳಗಿಸುವವರ ವಿದ್ಯೆಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದದ್ದು ಬಿಡುವ ಕಲೆ. ಕುದುರೆಗೆ ಪಾಠವಾಗುವುದು ಲಗಾಮನ್ನು ಎಳೆದಾಗ ಅಲ್ಲ, ಎಳೆದ ಲಗಾಮನ್ನು ಸಡಿಲಿಸಿದಾಗ. ಬೆರಳಿನ ಒತ್ತಡ ತಗಲಿತು, ಕುದುರೆಯು ಒಂದು ಅಂಗುಲದಷ್ಟು ಬಾಗಿತು, ಅದೇ ಕ್ಷಣದಲ್ಲಿ ಕೈ ಸಡಿಲವಾಯಿತು: ‘ಹೀಗೆ ಮಾಡಿದರೆ ನೆಮ್ಮದಿ’ ಎಂದು ಅದಕ್ಕೆ ತಿಳಿಯುವುದು ಆ ಕ್ಷಣದಲ್ಲಿ. ಬಾಗಿದ ಮೇಲೂ ಎಳೆಯುತ್ತಲೇ ಇದ್ದರೆ ಬಾಗಿದ್ದಕ್ಕೆ ಅರ್ಥವೇನು? ಮರುದಿನದಿಂದ ಅದು ಕಡಿವಾಣಕ್ಕೆ ಎದುರಾಗಿ ಒರಗಲು ಕಲಿಯುತ್ತದೆ. ದವಡೆಯ ತೊಗಲು ಬಿರುಸಾಗುತ್ತದೆ. ಒಡೆಯನು ಇನ್ನೂ ಹರಿತವಾದ ಕಡಿವಾಣಕ್ಕಾಗಿ ಅಂಗಡಿಗೆ ಹೋಗುತ್ತಾನೆ. ‘ಬಾಯಿ ಗಟ್ಟಿಯಾದ ಕುದುರೆ’ಗಳಲ್ಲಿ ಹೆಚ್ಚಿನವು ಕೈ ಗಟ್ಟಿಯಾದ ರಾವುತರ ಸೃಷ್ಟಿ.

ಈ ಮಾತನ್ನು ಗೃಹಸ್ಥರು ತಮ್ಮ ಮನೆಯ ಮಕ್ಕಳ ವಿಚಾರದಲ್ಲಿ ಹೊಂದಿಸಿ ನೋಡಬಹುದು. ಹತ್ತು ವರ್ಷದ ಹುಡುಗನಿಗೆ ದೀಕ್ಷೆಯಾಗಿರುತ್ತದೆ. ತಂದೆಯು ನಿಷ್ಠಾವಂತ, ತಾನು ನಲವತ್ತು ವರ್ಷಗಳಲ್ಲಿ ಬೆಳೆಸಿಕೊಂಡ ಪೂಜಾವಿಧಿಯನ್ನೆಲ್ಲ ಮಗನು ಮರುದಿನ ಬೆಳಗಿನಿಂದಲೇ ಮಾಡಬೇಕೆಂದು ಅವನ ಹಟ. ಹುಡುಗನು ಒಂದು ದಿನ ತಾನಾಗಿಯೇ ಎದ್ದು ಮಿಂದು ಲಿಂಗವನ್ನು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿ ಕುಳಿತನು. ಅದು ಬಾಗಿದ ಕ್ಷಣ, ಕೈ ಸಡಿಲವಾಗಬೇಕಾದ ಕ್ಷಣ. ತಂದೆಯ ಬಾಯಿಂದ ಬಂದುದಾದರೂ ಏನು? ‘ವಿಭೂತಿಯ ಎಳೆ ಸೊಟ್ಟಗಿದೆ, ಮಂತ್ರ ತಪ್ಪಾಯಿತು, ಇನ್ನೊಮ್ಮೆ ಹೇಳು.’ ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯು ಅವನ ಬೆಂಬಲಕ್ಕಿದೆ. ಗಾದೆಯೇನೋ ನಿಜ, ಆದರೆ ಗಿಡವನ್ನು ಬಗ್ಗಿಸುವ ಕೈಗೂ ಮುರಿಯುವ ಕೈಗೂ ನಡುವೆ ಇರುವ ಅಂತರ ಬಹಳ ಸಣ್ಣದು. ಮುಂದೆ ಆ ಹುಡುಗನು ಓದುವುದಕ್ಕೆಂದು ಊರು ಬಿಟ್ಟಾಗ ಕರಡಿಗೆಯು ಪೆಟ್ಟಿಗೆಯ ತಳವನ್ನು ಸೇರುತ್ತದೆ. ಕಾಲ ಕೆಟ್ಟಿತೆಂದು ತಂದೆಯು ಮಠಕ್ಕೆ ಬಂದು ಕಣ್ಣೀರಿಡುತ್ತಾನೆ. ಮಗನೂ ಬಳಲಿದ್ದಾನೆ, ತಂದೆಯೂ ಬಳಲಿದ್ದಾನೆ. ಹಲ್ಲಣವು ಅವರಿಬ್ಬರ ಹೆಗಲ ಮೇಲಿತ್ತು.

ಇನ್ನು ಹಲ್ಲಣದ ವಿಚಾರ. ಹೊರಗಿನಿಂದ ನೋಡುವವನಿಗೆ ಅದು ತೊಗಲಿನ ಆಸನ. ಅದರ ಒಳಗೆ ಮರದಿಂದಲೋ ಲೋಹದಿಂದಲೋ ಮಾಡಿದ ಒಂದು ಅಸ್ಥಿಪಂಜರವಿರುತ್ತದೆ. ಹಲ್ಲಣವು ಒಪ್ಪುವುದೂ ಒಪ್ಪದಿರುವುದೂ ಅದರ ಆಕಾರದ ಮೇಲಿದೆ, ಮೇಲಿನ ಕಸೂತಿಯ ಮೇಲಲ್ಲ. ಕುದುರೆಯ ಕೊರಳು ಬೆನ್ನನ್ನು ಸೇರುವೆಡೆಯಲ್ಲಿ ಉಬ್ಬಿದ ಎಲುಬುಂಟು. ಹಲ್ಲಣದ ಮುಂಭಾಗದ ಕಮಾನು ಅದಕ್ಕೆ ತಾಗಬಾರದು. ರಾವುತನು ಕುಳಿತಾಗಲೂ ನಡುವೆ ಎರಡು ಮೂರು ಬೆರಳು ಆಡುವಂತಿರಬೇಕು. ಬೆನ್ನ ಹುರಿಯ ಉದ್ದಕ್ಕೂ ಗಾಳಿ ಆಡುವಷ್ಟು ಕಾಲುವೆ ಬೇಕು. ಭಾರವೆಲ್ಲ ಹುರಿಯ ಎರಡು ಪಕ್ಕದ ಮಾಂಸಖಂಡಗಳ ಮೇಲೆ ಹರಡಬೇಕು. ನಡೆಯುವಾಗ ಹೆಗಲ ಎಲುಬು ಹಿಂದಕ್ಕೆ ಸರಿಯುತ್ತದೆಯಾದ್ದರಿಂದ ಅಲ್ಲಿ ಬಿಗಿತವಿರಬಾರದು. ಹಿಂಭಾಗವು ಕಡೆಯ ಪಕ್ಕೆಲುಬನ್ನು ದಾಟಬಾರದು. ಅದರಾಚೆಯ ಸೊಂಟಕ್ಕೆ ಭಾರ ಹೊರುವ ಬಲವಿಲ್ಲ. ಅರಬ್ಬೀ ಕುದುರೆಯ ಬೆನ್ನು ಗಿಡ್ಡ. ಉದ್ದ ಬೆನ್ನಿನ ತಳಿಗೆ ಹೊಲಿದ ಉತ್ತಮವಾದ ಹಲ್ಲಣವೇ ಇದಕ್ಕೆ ಶಿಕ್ಷೆಯಾಗುತ್ತದೆ. ಹೊಟ್ಟೆಯ ಪಟ್ಟಿಯನ್ನು ಒಮ್ಮೆಗೇ ಬಿಗಿಯಬಾರದು. ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಸ್ವಲ್ಪ ಬಿಗಿಯಬೇಕು. ಕಡಿವಾಣವು ಮುಂಹಲ್ಲು ದವಡೆಹಲ್ಲುಗಳ ನಡುವೆ ಹಲ್ಲಿಲ್ಲದ ಖಾಲಿ ಎಡೆಯಲ್ಲಿ ಕೂಡುವಂಥದು. ಅಗಲ ಕಡಿಮೆಯಾದರೆ ತುಟಿಯನ್ನು ಚಿವುಟುತ್ತದೆ, ಹೆಚ್ಚಾದರೆ ಅತ್ತಿತ್ತ ಜಾರುತ್ತದೆ. ಚಳಿಗಾಲದ ಬೆಳಗ್ಗೆ ಅದನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಬಾಯಿಗಿಡುವ ಸಾಹಣಿಗಳಿದ್ದಾರೆ. ಇನ್ನು ಭಾರದ ಮಿತಿ: ರಾವುತನೂ ಹಲ್ಲಣವೂ ಸೇರಿ ಕುದುರೆಯ ತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆಂದು ಸಾಮಾನ್ಯ ನಿಯಮ, ೪೦೦ ಕಿಲೋ ತೂಗುವ ಕುದುರೆಗೆ ೮೦ ಕಿಲೋ.

ಒಪ್ಪದ ಹಲ್ಲಣವನ್ನು ಬಿಗಿದರೆ ಏನಾಗುತ್ತದೆ? ಮೊದಲು ಕುದುರೆಯು ಕಿವಿಯನ್ನು ಹಿಂದಕ್ಕೆ ಒತ್ತುತ್ತದೆ, ಪಟ್ಟಿಯನ್ನು ಕಂಡೊಡನೆ ಕಚ್ಚಲು ತಿರುಗುತ್ತದೆ. ಅದು ಅದರ ಮಾತು. ಆ ಮಾತನ್ನು ಕೇಳದೆ ಚಬುಕನ್ನು ತೆಗೆದರೆ ಕೆಲವು ಕುದುರೆಗಳು ಸುಮ್ಮನಾಗುತ್ತವೆ. ಒಡೆಯನು ಪಳಗಿತೆಂದು ಹಿಗ್ಗುತ್ತಾನೆ. ಒತ್ತಡಕ್ಕೆ ಸಿಕ್ಕಿದ ತೊಗಲಿನಲ್ಲಿ ರಕ್ತ ಆಡದೆ ಬಣ್ಣ ಕೊಡುವ ಕಣಗಳು ಸಾಯುತ್ತವೆ. ಗಾಯವೇನೋ ಮಾಯುತ್ತದೆ. ಕೆಲವು ತಿಂಗಳ ಮೇಲೆ ಅಲ್ಲಿ ಹುಟ್ಟುವ ಕೂದಲು ಮಾತ್ರ ಬೆಳ್ಳಗಿರುತ್ತದೆ, ಮತ್ತು ಬಹುಮಟ್ಟಿಗೆ ಕಡೆಯವರೆಗೂ ಹಾಗೆಯೇ ಉಳಿಯುತ್ತದೆ. ಕುದುರೆ ಕೊಳ್ಳುವವರಲ್ಲಿ ಜಾಣರು ಜೀನನ್ನು ತೆಗೆಸಿ ಬೆನ್ನಿನ ಮೇಲೆ ಬಿಳಿಯ ಮಚ್ಚೆಗಳನ್ನು ಹುಡುಕುತ್ತಾರೆ. ಹಿಂದಿನ ಒಡೆಯನ ಚರಿತ್ರೆಯು ಅಲ್ಲಿ ಬರೆದಿರುತ್ತದೆ. ಪೂಜೆಯ ಗಂಟೆಯ ಸದ್ದಿಗೆ ಐವತ್ತರ ವಯಸ್ಸಿನಲ್ಲಿಯೂ ಮೈ ಬಿಗಿದುಕೊಳ್ಳುವ, ಕಾರಣ ಕೇಳಿದರೆ ಹೇಳಲಾರದ ಗೃಹಸ್ಥರು ನಮ್ಮ ಸಮಾಜದಲ್ಲಿ ಇಲ್ಲದಿಲ್ಲ. ಅವರನ್ನು ನಾಸ್ತಿಕರೆಂದು ಕರೆಯುವ ಮೊದಲು ಬೆನ್ನನ್ನು ನೋಡುವುದು ನ್ಯಾಯ.

ಹಲ್ಲಣವನ್ನು ಕುದುರೆಗೆ ತಕ್ಕಂತೆ ಆಯುವುದರಲ್ಲಿ ಪ್ರಭುದೇವರೇ ಮಹಾಸಾಹಣಿಗಳು. ಶೂನ್ಯಸಂಪಾದನೆಯಲ್ಲಿ ಅವರು ಎದುರುಗೊಳ್ಳುವ ಸಾಧಕರಲ್ಲಿ ಇಬ್ಬರಿಗೆ ಒಂದೇ ಮಾತನ್ನು ಹೇಳುವುದಿಲ್ಲ. ತೋಟ ಅಗೆಯುತ್ತಿದ್ದ ಗೊಗ್ಗಯ್ಯನೊಡನೆ ತೋಟದ ಭಾಷೆಯಲ್ಲಿಯೇ ಅಂತರಂಗದ ಕೃಷಿಯನ್ನು ತೋರಿಸಿದರು. ಅಣ್ಣನೂ ಗುರುವೂ ಆಗಿದ್ದ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಿಯೊಡನೆ ಆ ಶೋಕದ ಒಳಗಿನಿಂದಲೇ ಮಾತು ತೆಗೆದರು. ಸೊನ್ನಲಿಗೆಯಲ್ಲಿ ಕೆರೆಗುಡಿಗಳನ್ನು ಕಟ್ಟಿಸುತ್ತಿದ್ದ ಸಿದ್ಧರಾಮನನ್ನು ಮೊದಲು ಕೆಣಕಿದರು. ಬಲಿಷ್ಠವಾದ ಕುದುರೆ ಅದು, ಕೆಣಕನ್ನು ತಾಳಬಲ್ಲುದಾಗಿತ್ತು. ಅನಂತರ ಕಲ್ಯಾಣಕ್ಕೆ ಕರೆತಂದರು. ದೀಕ್ಷೆಯ ಮಾತು ಬಂದಾಗ ಸಿದ್ಧರಾಮನು ಒಮ್ಮೆಗೇ ಒಪ್ಪಲಿಲ್ಲ. ದೀರ್ಘವಾದ ಸಂವಾದವೇ ನಡೆಯಿತು. ಅವನ ಸಂಶಯಗಳನ್ನು ಯಾರೂ ಚಬುಕಿನಿಂದ ಅಡಗಿಸಲಿಲ್ಲ. ಕಡೆಗೆ ಇಷ್ಟಲಿಂಗವನ್ನು ಕೊಟ್ಟವರೂ ಪ್ರಭುದೇವರಲ್ಲ, ಚೆನ್ನಬಸವಣ್ಣನವರು. ಯಾರ ಕೈಯಿಂದ ಹಲ್ಲಣ ಏರಬೇಕೆಂಬುದನ್ನು ಬಲ್ಲದ್ದೂ ಸಾಹಣಿಯ ವಿದ್ಯೆಯೇ.

ಹೊಸದಾಗಿ ವ್ರತ ಹಿಡಿದವರ ಉತ್ಸಾಹದ ವಿಚಾರವಾಗಿಯೂ ಒಂದು ಮಾತು. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನೆಂಬಂತೆ, ಶ್ರಾವಣದಲ್ಲಿ ಮೂರು ಹೊತ್ತಿನ ಪೂಜೆ, ಒಂದು ಹೊತ್ತಿನ ಪ್ರಸಾದ, ಸಾವಿರ ಜಪ ಎಂದು ತೊಡಗಿ ಕಾರ್ತಿಕದ ಹೊತ್ತಿಗೆ ಒಂದೂ ಇಲ್ಲದಂತಾಗುವುದನ್ನು ಎಲ್ಲ ಊರುಗಳಲ್ಲಿಯೂ ಕಾಣಬಹುದು. ಆಯ್ದಕ್ಕಿ ಲಕ್ಕಮ್ಮನು ಗಂಡ ಮಾರಯ್ಯನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಲು ಹೇಳಿದಳು. ಆಸೆಯ ಮಾತು ಅದು, ನಿಜ. ಆದರೆ ನೇಮದಲ್ಲಿಯೂ ಆಸೆಯುಂಟು. ಹೊರಲಾರದಷ್ಟು ನೇಮವನ್ನು ಮನೆಗೆ ತಂದವನು ಅದರಲ್ಲಿ ಒಂದು ಪಾಲನ್ನು ಹಿಂದಕ್ಕೆ ಸುರಿದರೆ ಅವಮಾನವಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪ ಏಳುವುದು ಸಹಜ. ಆಚಾರವು ಅವರವರ ಅನುಕೂಲಕ್ಕೆ ತಕ್ಕಂತೆ ಎಂದಾದರೆ ಆಚಾರವೇ ಏಕೆ ಬೇಕು? ಮನಸ್ಸು ಶುದ್ಧವಿದ್ದರೆ ಸಾಲದೆ? ಹಲ್ಲಣವಿಲ್ಲದೆ ಬರಿಯ ಬೆನ್ನಿನ ಮೇಲೆ ಏರುವುದೇ ಕುದುರೆಗೆ ಸುಖವಲ್ಲವೆ? ಲೋಕರೂಢಿಯ ಈ ನಂಬಿಕೆಯನ್ನು ಈಚಿನವರು ಅಳೆದು ನೋಡಿದ್ದಾರೆ. ಒತ್ತಡವನ್ನು ಗುರುತಿಸುವ ಹಾಸನ್ನು ಕುದುರೆಯ ಬೆನ್ನ ಮೇಲೆ ಹರಡಿ ನೋಡಿದಾಗ, ಹಲ್ಲಣವಿಲ್ಲದೆ ಕುಳಿತವನ ಭಾರವು ಅವನ ಆಸನದ ಎರಡು ಎಲುಬುಗಳ ಕೆಳಗೆ ಸಣ್ಣ ಜಾಗದಲ್ಲಿ ತೀವ್ರವಾಗಿ ಬೀಳುವುದೂ, ಒಪ್ಪುವ ಹಲ್ಲಣವಿದ್ದಾಗ ಅದೇ ಭಾರವು ಹರಡಿಕೊಳ್ಳುವುದೂ ಕಂಡುಬಂದಿತು. ಒಳ್ಳೆಯ ಹಲ್ಲಣವು ರಾವುತನ ಸುಖಕ್ಕಲ್ಲ, ಕುದುರೆಯ ರಕ್ಷಣೆಗೆ. ಆಚಾರವಿಲ್ಲದೆ ‘ಮನಸ್ಸೊಂದಿದ್ದರೆ ಸಾಕು’ ಎನ್ನುವವನ ಅಹಂಕಾರವು ಅವನ ತನುಮನಗಳ ಮೇಲೆಯೇ, ಅವನ ಹೆಂಡಿರು ಮಕ್ಕಳ ಮೇಲೆಯೇ ಎಲುಬಿನಂತೆ ಒತ್ತುತ್ತದೆ. ಆದಕಾರಣ ಹಲ್ಲಣವು ಬೇಕೇ ಬೇಕು. ಅದು ಕುದುರೆಯ ಅಳತೆಯದಾಗಿರಬೇಕು. ಅನುಕೂಲವೆಂದರೆ ಬೇರೆ, ಅಳತೆಯೆಂದರೆ ಬೇರೆ. ಅನುಕೂಲವನ್ನು ಕೇಳುವವನು ರಾವುತ. ಅಳತೆಯನ್ನು ಹೇಳುವುದು ಬೆನ್ನು.

ಈ ಅಳತೆಯಾದರೂ ಒಮ್ಮೆ ತೆಗೆದು ಮುಗಿಯುವಂತಹುದಲ್ಲ. ಏಷ್ಯಾ ಮೈನರಿನ ಹಟ್ಟೂಸ ಎಂಬ ಹಾಳೂರಿನಲ್ಲಿ, ಇಂದಿನ ತುರ್ಕಿಯಲ್ಲಿ, ಮಿತನ್ನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕನ ಬೋಧೆಯನ್ನು ಬರೆದ ಮಣ್ಣಿನ ಹಲಗೆಗಳು ದೊರೆತಿವೆ. ಸುಮಾರು ಮೂರು ಸಾವಿರದ ಮುನ್ನೂರು ವರ್ಷಗಳಿಗೂ ಹಿಂದಿನವು. ಓಟದ ಸುತ್ತುಗಳಿಗೆ ಅವನು ಬಳಸುವ ಐಕ, ತೇರ, ಪಂಜ, ಸತ್ತ ಎಂಬ ಎಣಿಕೆಯ ಪದಗಳನ್ನು ಕನ್ನಡಿಗರಿಗೆ ಯಾರೂ ಅನುವಾದಿಸಿ ಹೇಳಬೇಕಾಗಿಲ್ಲ. ರಥದ ಕುದುರೆಗಳನ್ನು ತಿಂಗಳುಗಟ್ಟಲೆ ದಿನದಿನವೂ ಎಷ್ಟು ನಡೆಸಬೇಕು, ಎಷ್ಟು ಓಡಿಸಬೇಕು, ಎಂದು ನೀರು, ಎಂದು ಮೇವು, ಎಂದು ವಿಶ್ರಾಂತಿ ಎಂಬುದೇ ಆ ಗ್ರಂಥದ ತುಂಬ ಇದೆ. ಇಂದಿನ ಅಳತೆಯು ನಾಳೆಗಲ್ಲ. ದುಡಿಮೆಯಿಂದ ಬೆನ್ನಿನ ಮಾಂಸಖಂಡಗಳು ತುಂಬಿಕೊಳ್ಳುತ್ತವೆ. ಆರು ತಿಂಗಳ ಹಿಂದೆ ಒಪ್ಪಿದ್ದ ಹಲ್ಲಣವು ಈಗ ಬಿಗಿಯುತ್ತದೆ. ಕುದುರೆಯು ಮುನಿಯಿತೆಂದು ತಿಳಿಯುವವನು ಮರುಳ; ಅದು ಬೆಳೆದಿದೆ. ಷಟ್‌ಸ್ಥಲದಲ್ಲಿ ಭಕ್ತನಿಗೆ ಶ್ರದ್ಧೆ, ಮಹೇಶನಿಗೆ ನಿಷ್ಠೆ, ಪ್ರಸಾದಿಗೆ ಅವಧಾನ, ಪ್ರಾಣಲಿಂಗಿಗೆ ಅನುಭಾವ ಎಂದು ಭಕ್ತಿಯ ರೂಪವೇ ಮೆಟ್ಟಿಲುಮೆಟ್ಟಿಲಿಗೆ ಬದಲಾಗುವುದನ್ನು ಹಿರಿಯರು ಸುಮ್ಮನೆ ಹೇಳಲಿಲ್ಲ. ಶ್ರದ್ಧೆಗೆ ಹೊಲಿದ ಹಲ್ಲಣದಲ್ಲಿ ಅವಧಾನವನ್ನು ಕೂಡಿಸಿದರೆ ಉಸಿರು ಕಟ್ಟುತ್ತದೆ. ಹತ್ತಾರು ವರ್ಷ ನಿಷ್ಠೆಯಿಂದ ಪೂಜೆ ನಡೆಸಿದವರಿಗೆ ಒಂದು ದಿನ ಇದ್ದಕ್ಕಿದ್ದಂತೆ ಅದು ನೀರಸವಾಗಿ ತೋರಿದಾಗ, ತಾವು ಭ್ರಷ್ಟರಾದೆವೆಂದು ಅವರು ಹೆದರುವುದುಂಟು. ಗುರುವಿನ ಬಳಿಗೆ ಹೋಗಿ ಬೆನ್ನನ್ನು ತೋರಿಸಬೇಕಾದ ದಿನ ಅದು.

ತೊಗಲನ್ನು ಹದ ಮಾಡುವ ಡೋಹರ ಕಕ್ಕಯ್ಯನೂ ಅದನ್ನು ಹೊಲಿಯುವ ಸಮಗಾರ ಹರಳಯ್ಯನೂ ಕುಳಿತಿದ್ದ ಸಭೆಯಲ್ಲಿ ಹಲ್ಲಣದ ಮಾತು ಬಂದಾಗ ಅದು ಬರಿಯ ರೂಪಕವಾಗಿ ಕೇಳಿಸಿರಲಾರದು. ಹಲ್ಲಣವನ್ನು ಪರೀಕ್ಷಿಸುವ ಒಂದು ಹಳೆಯ ವಿಧಾನವನ್ನು ಲಾಯಗಳಲ್ಲಿ ಇಂದಿಗೂ ಕಾಣಬಹುದು. ವೈಹಾಳಿಯಿಂದ ಬಂದ ಕುದುರೆಯ ಜೀನನ್ನು ಇಳಿಸಿ, ಮೈಯನ್ನು ಒರೆಸುವ ಮೊದಲು, ಸಾಹಣಿಯು ಬೆನ್ನಿನ ಬೆವರನ್ನು ನೋಡುತ್ತಾನೆ. ಹಲ್ಲಣವಿದ್ದ ಕಡೆ ಎರಡು ಪಕ್ಕಗಳಲ್ಲಿಯೂ ಒಂದೇ ಸಮನಾಗಿ ಒದ್ದೆಯಿದ್ದರೆ ಜೀನು ಗೋಡೆಯ ಗೂಟಕ್ಕೆ ಹೋಗುತ್ತದೆ. ನಡುವೆ ಎಲ್ಲಿಯಾದರೂ ಅಂಗೈಯಗಲದ ಒಣಗಿದ ತೇಪೆ ಕಂಡರೆ, ಅಲ್ಲಿ ಒತ್ತಡವು ಬೆವರನ್ನೂ ಬರಗೊಟ್ಟಿಲ್ಲ ಎಂದರ್ಥ. ಆಗ ಅವನು ಆ ತೇಪೆಯ ಮೇಲೆ ಬೆರಳನ್ನು ಮೆಲ್ಲಗೆ ಒತ್ತಿ, ಕುದುರೆಯ ಕಿವಿಯನ್ನು ನೋಡುತ್ತಾನೆ. ಕಿವಿ ಹಿಂದಕ್ಕೆ ಸರಿದರೆ, ಮರುದಿನ ಬೆಳಗ್ಗೆ ಕುದುರೆಯು ಲಾಯದಲ್ಲಿಯೇ ಉಳಿಯುತ್ತದೆ. ಹಲ್ಲಣವು ಅವನ ಹೆಗಲೇರಿ ಹೊಲಿಯುವವನ ಮನೆಗೆ ಹೊರಡುತ್ತದೆ.